ನಿಲ್ಲಿಸಿದ ಕಾರಿನ ಬ್ಯಾಟರಿ ಇಳಿಯುತ್ತಿದ್ದರೆ: ಫ್ಯೂಸ್ ಕೀಳದೆ ಹುಡುಕುವ ಟಿಪ್ಪಣಿ

ದಿನಾ ಓಡಿಸಿದರೆ ಏನೂ ತೊಂದರೆಯಿಲ್ಲ. ಶುಕ್ರವಾರ ಸಂಜೆ ನಿಲ್ಲಿಸಿ ಸೋಮವಾರ ಕೀ ತಿರುಗಿಸಿದರೆ ಮಾತ್ರ ಬರೀ ಟಕ್ ಟಕ್ ಸದ್ದು. ಕಾರು ಆಫ್ ಆದಮೇಲೂ ಯಾವುದೋ ಒಂದು ಸರ್ಕ್ಯೂಟ್ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಲೇ ಇರುವ ಈ ತೊಂದರೆಗೆ ಪ್ಯಾರಾಸಿಟಿಕ್ ಡ್ರೇನ್ ಅನ್ನುತ್ತಾರೆ. ನಾನು ಕಲಿಯುತ್ತಿರುವುದು 35 ಆಂಪಿಯರ್-ಅವರ್ ಬ್ಯಾಟರಿಯ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ಮೇಲೆ. ಹೊರಗಿನ ಅಂಗಡಿಯಲ್ಲಿ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದ ಕಾರು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ವೋಲ್ಟೇಜ್, ಕರೆಂಟ್ ಅಂದರೇನು ಅಂತ ಇಲ್ಲಿ ಹೇಳಿಲ್ಲ, ಅದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಮೊದಲು ಬ್ಯಾಟರಿಯ ಲೆಕ್ಕ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಫುಲ್ ಚಾರ್ಜ್. 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಎಂಜಿನ್ ಓಡುವಾಗ 13.5ರಿಂದ 14.7ರ ನಡುವೆ ಇರಬೇಕು. ಈಚಿನ ಕೆಲವು ಕಾರುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಇಸಿಯು (ಎಂಜಿನ್‌ನ ಕಂಪ್ಯೂಟರ್) ಆಳುವುದರಿಂದ, ಬ್ಯಾಟರಿ ತುಂಬಿದ್ದಾಗ ಇದು 13ರ ಹತ್ತಿರಕ್ಕೂ ಇಳಿಯುತ್ತದೆ. ಹೆಡ್‌ಲೈಟ್, ಏಸಿ ಹಾಕಿದಾಗ ಮೇಲೇರಿದರೆ ಆಲ್ಟರ್ನೇಟರ್ ಸರಿಯಿದೆ.

ಆಮೇಲೆ ಎಳೆತದ ಲೆಕ್ಕ. ಲಾಕ್ ಆಗಿ ಮಲಗಿದ ಕಾರು 50 ಮಿಲಿ ಆಂಪಿಯರ್ ಒಳಗೆ ಎಳೆದರೆ ಮಾಮೂಲು. ಗಡಿಯಾರ, ರಿಮೋಟ್ ಲಾಕ್, ಅಲಾರಂ ಇವಕ್ಕೆ ಅಷ್ಟು ಬೇಕೇ ಬೇಕು. 50 ಮಿಲಿ ಆಂಪಿಯರ್ ಅಂದರೆ ದಿನಕ್ಕೆ 1.2 ಆಂಪಿಯರ್-ಅವರ್. ಈ ಕಾರು ಎಳೆಯುತ್ತಿದ್ದುದು ಸುಮಾರು 340 ಮಿಲಿ ಆಂಪಿಯರ್. ದಿನಕ್ಕೆ ಎಂಟರ ಮೇಲೆ, ಎರಡೂವರೆ ದಿನಕ್ಕೆ 20. ಬ್ಯಾಟರಿ ಇರುವುದೇ 35. "ಬ್ಯಾಟರಿ ವೀಕ್ ಸಾರ್, ಚೇಂಜ್ ಮಾಡಿಸಿಬಿಡಿ" ಅನ್ನುವವರ ಮಾತು ಕೇಳಿ ಹೊಸ ಬ್ಯಾಟರಿ ಹಾಕಿಸಿದ್ದರೂ ಸೋಮವಾರದ ಟಕ್ ಟಕ್ ತಪ್ಪುತ್ತಿರಲಿಲ್ಲ.

ಮೀಟರನ್ನು ಸರಣಿಯಲ್ಲಿ ಹಾಕುವುದು

ಒಟ್ಟು ಎಷ್ಟು ಎಳೆಯುತ್ತಿದೆ ಅಂತ ತಿಳಿಯಲು ನೆಗೆಟಿವ್ ಟರ್ಮಿನಲ್ ಕಳಚಿ, ಟರ್ಮಿನಲ್‌ಗೂ ಕೇಬಲ್‌ಗೂ ನಡುವೆ ಮಲ್ಟಿಮೀಟರ್ ಹಾಕಬೇಕು. ಕೆಂಪು ಪ್ರೋಬ್ 10 ಆಂಪಿಯರ್ ತೂತಿಗೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುವ ಹಳದಿ ಬಣ್ಣದ ಅಗ್ಗದ ಮೀಟರ್‌ಗಳಲ್ಲಿ ಬಹಳಷ್ಟರ 10 ಆಂಪಿಯರ್ ತೂತಿನ ಪಕ್ಕ "ಅನ್‌ಫ್ಯೂಸ್ಡ್" (ಒಳಗೆ ಕಾಯುವ ಫ್ಯೂಸ್ ಇಲ್ಲ) ಅಂತ ಸಣ್ಣದಾಗಿ ಬರೆದಿರುತ್ತದೆ. ಪ್ರೋಬ್ ಅಲ್ಲೇ ಬಿಟ್ಟು ಬ್ಯಾಟರಿಯ ವೋಲ್ಟೇಜ್ ನೋಡಲು ಹೋದರೆ ಅದು ನೇರ ಶಾರ್ಟ್. ಮೀಟರ್ ಸರಣಿಯಲ್ಲಿರುವಾಗ ಸ್ಟಾರ್ಟ್ ಮಾಡುವ ಮಾತೇ ಇಲ್ಲ, ಸ್ಟಾರ್ಟರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ.

ಟರ್ಮಿನಲ್ ಕಳಚಿ ಮತ್ತೆ ಸೇರಿಸಿದೊಡನೆ ಕಾರಿನ ಎಲ್ಲ ಮಾಡ್ಯೂಲ್‌ಗಳೂ (ಒಂದೊಂದು ಕೆಲಸ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್‌ಗಳು) ಎದ್ದು ಕೂರುತ್ತವೆ. ಅದಕ್ಕೇ ಬಾನೆಟ್ ಎತ್ತಿಟ್ಟು, ಬಾಗಿಲಿನ ಲ್ಯಾಚ್ ಅನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಸ್ಥಾನಕ್ಕೆ ತಿರುಗಿಸಿ ಕಾರಿಗೆ "ಬಾಗಿಲು ಹಾಕಿದೆ" ಅಂತ ನಂಬಿಸಬೇಕು. ಬಾನೆಟ್‌ಗೂ ಸ್ವಿಚ್ ಇದ್ದರೆ ಅದನ್ನೂ ಹೀಗೇ ನಂಬಿಸಿ. ಲಾಕ್ ಮಾಡಿ, ಕೀಲೆಸ್ ಕಾರಾದರೆ ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ. ಮೊದಲು ಒಂದೆರಡು ಆಂಪಿಯರ್ ಇರುತ್ತದೆ, ಮೆಟ್ಟಿಲಿಳಿದ ಹಾಗೆ ಕಡಿಮೆಯಾಗುತ್ತ ಬರುತ್ತದೆ. ಕೆಲವು ಕಾರು ಐದು ನಿಮಿಷಕ್ಕೆ ಮಲಗುತ್ತವೆ, ಕೆಲವಕ್ಕೆ ಅರ್ಧ ಗಂಟೆಯ ಮೇಲೆ ಬೇಕು. ಕಾಫಿ ಕುಡಿದು ಬನ್ನಿ, ನಿಜವಾಗಿ. ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎಳೆದು ಲ್ಯಾಚ್ ಬಿಡಿಸದೆ ಬಾಗಿಲು ಹಾಕಬೇಡಿ, ಲ್ಯಾಚ್ ಜಜ್ಜಿಹೋಗುತ್ತದೆ.

ಫ್ಯೂಸ್ ಮೇಲೆ ಮಿಲಿವೋಲ್ಟ್: ತಲೆ ಕೆಡಿಸಿದ ಭಾಗ

ಹಳೆಯ ಪಾಠ ಏನೆಂದರೆ, ಒಂದೊಂದೇ ಫ್ಯೂಸ್ ಕೀಳುತ್ತ ಬನ್ನಿ, ಯಾವುದನ್ನು ಕಿತ್ತಾಗ ಆಂಪಿಯರ್ ಬಿದ್ದಿತೋ ಅದೇ ಸರ್ಕ್ಯೂಟ್ ಅಂತ. ಕಾರ್ಬ್ಯುರೇಟರ್ ಕಾಲದ ಕಾರಿಗೆ ಇದು ಸಾಕು. ಈಗಿನ ಕಾರಿನಲ್ಲಿ ಫ್ಯೂಸ್ ಕಿತ್ತು ಮತ್ತೆ ಚುಚ್ಚಿದರೆ ಆ ಮಾಡ್ಯೂಲ್ ಏಳುತ್ತದೆ, ಜೊತೆಗೆ ಪಕ್ಕದವರನ್ನೂ ಎಬ್ಬಿಸುತ್ತದೆ. ಆಂಪಿಯರ್ ಮೇಲಕ್ಕೆ ಹಾರುತ್ತದೆ, ಮತ್ತೆ ಅರ್ಧ ಗಂಟೆ ಕಾಯಬೇಕು. ಮಲಗಿದ ಮಗುವನ್ನು ತಟ್ಟಿ ಎಬ್ಬಿಸಿ "ನಿದ್ದೆ ಬಂತಾ?" ಅಂತ ಕೇಳಿದ ಹಾಗೆ. ಕೆಲವು ಸಲ ತೊಂದರೆ ಕೊಡುತ್ತಿದ್ದ ಮಾಡ್ಯೂಲ್ ಹೀಗೆ ರೀಸೆಟ್ ಆಗಿ ಸರಿಯಾಗಿಬಿಡುತ್ತದೆ, ಎರಡು ವಾರ ಬಿಟ್ಟು ಮತ್ತೆ ಅದೇ ರಾಗ.

ಫ್ಯೂಸ್ ಕೀಳದೆ ಅಳೆಯುವ ದಾರಿ ಇದೆ. ಬ್ಲೇಡ್ ಫ್ಯೂಸ್‌ನ ನೆತ್ತಿಯ ಮೇಲೆ, ಆಂಪಿಯರ್ ಸಂಖ್ಯೆಯ ಎರಡು ಪಕ್ಕದಲ್ಲಿ, ಸಾಸಿವೆಯಷ್ಟು ಲೋಹ ಕಾಣುತ್ತದೆ. ಮೀಟರನ್ನು ಡಿಸಿ 200 ಮಿಲಿವೋಲ್ಟ್‌ಗೆ ತಿರುಗಿಸಿ, ಎರಡು ಪ್ರೋಬ್‌ಗಳನ್ನು ಆ ಎರಡು ಚುಕ್ಕೆಗಳ ಮೇಲೆ ಇಡಿ. ಸೊನ್ನೆ ಬಂದರೆ ಆ ಸರ್ಕ್ಯೂಟ್ ಮಲಗಿದೆ. ಏನಾದರೂ ಬಂದರೆ ಅಲ್ಲಿ ಕರೆಂಟ್ ಹರಿಯುತ್ತಿದೆ.

ಇಲ್ಲಿ ನನ್ನ ತಲೆ ಓಡಲಿಲ್ಲ. ಫ್ಯೂಸ್ ಸರಿಯಿದ್ದರೆ ಎರಡೂ ಕಡೆ 12.6 ಇರುತ್ತದಲ್ಲ, 12.6ರಿಂದ 12.6 ಕಳೆದರೆ ಸೊನ್ನೆ ತಾನೇ? ಟೆಸ್ಟ್ ಲ್ಯಾಂಪ್ ಇಟ್ಟರೂ ಎರಡೂ ಕಡೆ ಒಂದೇ ಬೆಳಕು. ಗಂಟು ಇದ್ದದ್ದು ಒಂದೇ ಫ್ಯೂಸ್‌ನಲ್ಲಿ ನಾವು ಮೂರು ಬೇರೆ ಬೇರೆ ವೋಲ್ಟೇಜ್ ಅಳೆಯಬಹುದು ಅನ್ನುವುದರಲ್ಲಿ. ನಿಧಾನವಾಗಿ ಬಿಡಿಸುತ್ತೇನೆ.

ಕಪ್ಪು ಪ್ರೋಬ್ ಬಾಡಿ ಅರ್ತ್‌ಗೆ, ಕೆಂಪು ಫ್ಯೂಸ್‌ನ ಒಂದು ಚುಕ್ಕೆಗೆ: ಬರುವುದು 12.6. ಇನ್ನೊಂದು ಚುಕ್ಕೆಗೂ 12.6. ಇದು "ಸಪ್ಲೈ ಇದೆಯೇ, ಫ್ಯೂಸ್ ಹೋಗಿದೆಯೇ" ಅನ್ನುವ ಪ್ರಶ್ನೆಗೆ ಉತ್ತರ. ಕರೆಂಟ್ ಎಷ್ಟು ಅಂತ ಇದು ಹೇಳುವುದಿಲ್ಲ.

ಎರಡೂ ಪ್ರೋಬ್ ಒಂದೇ ಫ್ಯೂಸ್‌ನ ಎರಡು ಚುಕ್ಕೆಗೆ: ಬರುವುದು ಫ್ಯೂಸ್ ಒಳಗೆ ಕಳೆದುಹೋದ ವೋಲ್ಟೇಜ್ ಮಾತ್ರ. ಫ್ಯೂಸ್ ತಂತಿಗೂ ಒಂದಿಷ್ಟು ರೆಸಿಸ್ಟೆನ್ಸ್ ಇದೆ. 10 ಆಂಪಿಯರ್ ಮಿನಿ ಫ್ಯೂಸ್‌ಗೆ ಸುಮಾರು 7.5 ಮಿಲಿ ಓಮ್. ಅದರಲ್ಲಿ 100 ಮಿಲಿ ಆಂಪಿಯರ್ ಹರಿದರೆ ಮುಕ್ಕಾಲು ಮಿಲಿವೋಲ್ಟ್ ಕಳೆಯುತ್ತದೆ. ಅಂದರೆ ಒಂದು ಕಡೆ 12.60000, ಇನ್ನೊಂದು ಕಡೆ 12.59925. ಮೀಟರ್ 20 ವೋಲ್ಟ್ ರೇಂಜ್‌ನಲ್ಲಿ ಎರಡನ್ನೂ 12.60 ಅಂತಲೇ ತೋರಿಸುತ್ತದೆ. ಅದಕ್ಕೇ ಎರಡೂ ಕಡೆ ಒಂದೇ ಅಂತ ಕಂಡಿದ್ದು. ವ್ಯತ್ಯಾಸ ಇತ್ತು, ಆ ರೇಂಜ್‌ಗೆ ಕಾಣುತ್ತಿರಲಿಲ್ಲ ಅಷ್ಟೆ. 200 ಮಿಲಿವೋಲ್ಟ್ ರೇಂಜ್ 0.1 ಮಿಲಿವೋಲ್ಟ್‌ವರೆಗೆ ಓದುವುದರಿಂದ ಅಲ್ಲಿ ಸಿಕ್ಕಿಬೀಳುತ್ತದೆ.

ಎರಡೂ ಚುಕ್ಕೆಗೆ ಪ್ರೋಬ್ ಇಟ್ಟಾಗ ಪೂರ್ತಿ 12 ವೋಲ್ಟ್ ಬಂದರೆ? ಫ್ಯೂಸ್ ಸುಟ್ಟಿದೆ, ಆಚೆ ಲೋಡ್ ಇನ್ನೂ ಕಾಯುತ್ತಿದೆ ಅಂತ ಅರ್ಥ.

ಇನ್ನೊಂದು ಸೂಕ್ಷ್ಮ. ಒಂದೇ ಮಿಲಿವೋಲ್ಟ್ ಬೇರೆ ಬೇರೆ ಫ್ಯೂಸ್‌ನಲ್ಲಿ ಬೇರೆ ಬೇರೆ ಕರೆಂಟ್. ಫ್ಯೂಸ್ ದೊಡ್ಡದಾದಷ್ಟೂ ಅದರ ರೆಸಿಸ್ಟೆನ್ಸ್ ಕಡಿಮೆ. 1 ಮಿಲಿವೋಲ್ಟ್ ಅಂದರೆ ಕಂದು ಛಾಯೆಯ 5 ಆಂಪಿಯರ್ ಫ್ಯೂಸ್‌ನಲ್ಲಿ ಸುಮಾರು 60 ಮಿಲಿ ಆಂಪಿಯರ್, ಕೆಂಪು 10ರಲ್ಲಿ 130, ನೀಲಿ 15ರಲ್ಲಿ 220, ಹಳದಿ 20ರಲ್ಲಿ 310. ತಯಾರಕರಿಂದ ತಯಾರಕರಿಗೆ ಸ್ವಲ್ಪ ಆಚೀಚೆ ಆಗುತ್ತದೆ, ಹುಡುಕಾಟಕ್ಕೆ ಇಷ್ಟು ಸಾಕು. ಹಳದಿ ಫ್ಯೂಸ್‌ನಲ್ಲಿ "ಬರೀ ಅರ್ಧ ಮಿಲಿವೋಲ್ಟ್" ಅಂತ ಬಿಟ್ಟು ಮುಂದೆ ಹೋಗಬೇಡಿ, ಅದು 150 ಮಿಲಿ ಆಂಪಿಯರ್!

ಬಾನೆಟ್ ಕೆಳಗಿನ ಬಾಕ್ಸ್, ಡ್ಯಾಶ್ ಕೆಳಗಿನ ಬಾಕ್ಸ್ ಎರಡನ್ನೂ ಮುಗಿಸಿ. ಈ ಕಾರಿನಲ್ಲಿ ಆಡಿಯೊದ 15 ಆಂಪಿಯರ್ ಫ್ಯೂಸ್ 1.4 ಮಿಲಿವೋಲ್ಟ್ ತೋರಿಸಿತು. 220ರಿಂದ ಗುಣಿಸಿದರೆ 300 ಚಿಲ್ಲರೆ. ಒಟ್ಟು 340ರಲ್ಲಿ ಇದನ್ನು ಕಳೆದರೆ ಉಳಿದದ್ದು ಮಾಮೂಲು ಎಳೆತ. ಲೆಕ್ಕ ಹೀಗೆ ಕೂಡಿಬಂದರೆ ಹುಡುಕಾಟ ಮುಗಿಯಿತು. ಒಟ್ಟು ಜಾಸ್ತಿ ಇದ್ದು ಎಲ್ಲ ಸಣ್ಣ ಫ್ಯೂಸ್‌ಗಳೂ ಸೊನ್ನೆ ಅಂದರೆ, ಆಲ್ಟರ್ನೇಟರ್‌ನ ಡಯೋಡ್ ಅಥವಾ ಬ್ಯಾಟರಿಯಿಂದ ನೇರ ಎಳೆದ ಹಾರ್ನ್, ಫಾಗ್ ಲ್ಯಾಂಪ್ ವೈರಿಂಗ್ ಮೇಲೆ ಅನುಮಾನ ಪಡಿ.

ಸ್ಟೀರಿಯೊ ಹಿಂದೆ ಏನಿತ್ತು

ಹೊರಗಿನ ಸ್ಟೀರಿಯೊಗಳಲ್ಲಿ ಹಳದಿ ವೈರ್ ಸದಾ ಸಪ್ಲೈ, ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಬರುವ ಎಸಿಸಿ, ಕಪ್ಪು ಅರ್ತ್. ಇಲ್ಲಿ ಹಳದಿ, ಕೆಂಪು ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಲಾಗಿತ್ತು. ಪರದೆ ಆರಿಸಿದರೂ ಸ್ಟೀರಿಯೊಗೆ ಕೀ ತೆಗೆದದ್ದು ಗೊತ್ತೇ ಆಗುತ್ತಿರಲಿಲ್ಲ. ಕೆಂಪನ್ನು ಬಿಡಿಸಿ ಎಸಿಸಿಗೆ ಕೊಟ್ಟ ಮೇಲೆ ಆ ಫ್ಯೂಸ್ ಮೇಲಿನ ರೀಡಿಂಗ್ ಸೊನ್ನೆಗೆ ಬಂತು. ಮಾಡ್ಯೂಲ್‌ಗಳು ಎರಡೇ ವೈರ್ ಮೇಲೆ ಮಾತಾಡಿಕೊಳ್ಳುವ ಕ್ಯಾನ್ ಬಸ್ ಕಾರುಗಳಲ್ಲಿ ಕೆಲವಕ್ಕೆ ಸ್ಟೀರಿಯೊ ಹಿಂದೆ ಎಸಿಸಿ ವೈರ್ ಇರುವುದೇ ಇಲ್ಲ, ಕ್ಯಾನ್ ಬಾಕ್ಸ್ ಅನ್ನುವ ಪುಟ್ಟ ಡಬ್ಬಿ ಆ ಸಿಗ್ನಲ್ ಕೊಡುತ್ತದೆ. ಅಂಥಲ್ಲಿ ಡಬ್ಬಿಯನ್ನೂ ಪರೀಕ್ಷಿಸಿ.

ಕ್ಯಾನ್ ಬಗ್ಗೆ ಎರಡೇ ಮಾತು. ಬಾಷ್ 1986ರಲ್ಲಿ ಹೊರತಂದ ಈ ಎರಡು ವೈರಿನ ವ್ಯವಸ್ಥೆಯ ಎರಡು ತುದಿಗೆ 120 ಓಮ್ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ, ಸ್ಕ್ಯಾನರ್ ಚುಚ್ಚುವ ಓಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಅಳೆದರೆ ಸಾಮಾನ್ಯವಾಗಿ 60 ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ. ಅದೇ ಸಾಕೆಟ್‌ನ 16ನೇ ಪಿನ್‌ನಲ್ಲಿ ಸದಾ ಸಪ್ಲೈ ಇರುವುದರಿಂದ, ಚುಚ್ಚಿಟ್ಟು ಮರೆತ ಬ್ಲೂಟೂತ್ ಡಾಂಗಲ್ ಕೂಡ ಬ್ಯಾಟರಿ ಇಳಿಸುತ್ತದೆ.

ಫ್ಯೂಸ್ ಟ್ಯಾಪ್ ಯಾವ ಕಡೆ ಮುಖ?

ಕೆಂಪು ವೈರ್‌ಗೆ ಎಸಿಸಿ ತರಲು, ಡ್ಯಾಶ್‌ಕ್ಯಾಮ್ ಹಾಕಲು, ವೈರ್ ಕತ್ತರಿಸದೆ ಆಗುವ ಕೆಲಸ ಅಂದರೆ ಫ್ಯೂಸ್ ಟ್ಯಾಪ್. ಒಂದೇ ಫ್ಯೂಸ್ ಜಾಗದಲ್ಲಿ ಎರಡು ಫ್ಯೂಸ್ ಕೂರುತ್ತವೆ: ಒಂದು ಹಳೆಯದು, ಇನ್ನೊಂದು ನಮ್ಮ ಸಾಮಾನಿನದು. ಮಿನಿ, ಲೋ ಪ್ರೊಫೈಲ್, ಮೈಕ್ರೊ ಅಂತ ಅಳತೆ ಬೇರೆ ಬೇರೆ, ಬಿಡಿಭಾಗ ತರಲು ಜೆ.ಸಿ. ರೋಡ್‌ಗೆ ಹೋಗುವಾಗ ಕಾರಿನ ಫ್ಯೂಸ್ ಒಂದನ್ನು ಜೇಬಲ್ಲಿ ಇಟ್ಟುಕೊಳ್ಳಿ.

ಟ್ಯಾಪ್‌ಗೆ ಎರಡು ಕಾಲು. ಒಂದು ಕಾಲು ಎರಡೂ ಫ್ಯೂಸ್‌ಗೆ ಸಾಮಾನ್ಯ, ಅದು ಸಪ್ಲೈ ಬರುವ ಕಡೆಗೆ ಕೂರಬೇಕು. ಫ್ಯೂಸ್ ತೆಗೆದು, ಕೀ ಆನ್ ಮಾಡಿ, ಖಾಲಿ ಜಾಗದ ಎರಡು ಬಾಯಿಗಳಲ್ಲಿ ಯಾವುದಕ್ಕೆ 12 ವೋಲ್ಟ್ ಇದೆ ಅಂತ ಮೀಟರ್‌ನಿಂದ ನೋಡಿದರೆ ಆ ಕಡೆ ಸಿಗುತ್ತದೆ. ತಿರುಗಾಮುರುಗಾ ಹಾಕಿದರೂ ಡ್ಯಾಶ್‌ಕ್ಯಾಮ್ ಆನ್ ಆಗುತ್ತದೆ, ತೊಂದರೆ ಅದರಲ್ಲೇ ಇದೆ. ಹಾಗೆ ಹಾಕಿದಾಗ ಹಳೆಯ ಲೋಡ್, ಹೊಸ ಲೋಡ್ ಎರಡರ ಕರೆಂಟೂ ಹಳೆಯ ಫ್ಯೂಸ್ ಮೂಲಕವೇ ಹೋಗಿ ಅದು ಎಂದೋ ಒಂದು ದಿನ ಹಾರುತ್ತದೆ. ಪರೀಕ್ಷೆ ಸುಲಭ: ಟ್ಯಾಪ್‌ನಿಂದ ಹಳೆಯ ಫ್ಯೂಸ್ ಒಂದನ್ನೇ ತೆಗೆಯಿರಿ. ನಮ್ಮ ಸಾಮಾನು ಆಗಲೂ ಓಡುತ್ತಿದ್ದರೆ ಸರಿ, ನಿಂತರೆ ಟ್ಯಾಪ್ ತಿರುಗಿಸಿ ಹಾಕಿ.

ಏರ್‌ಬ್ಯಾಗ್, ಎಬಿಎಸ್, ಇಸಿಯು ಫ್ಯೂಸ್‌ಗಳನ್ನು ಮುಟ್ಟಬೇಡಿ. ವೈಪರ್, ಹಿಂದಿನ ಡಿಫಾಗರ್, 12 ವೋಲ್ಟ್ ಸಾಕೆಟ್ ಇವು ಒಳ್ಳೆಯವು. ಎ-ಪಿಲ್ಲರ್‌ನಲ್ಲಿ (ಮುಂದಿನ ಗಾಜಿನ ಪಕ್ಕದ ಕಂಬ) ಕರ್ಟನ್ ಏರ್‌ಬ್ಯಾಗ್ ಇದ್ದರೆ ಕ್ಯಾಮೆರಾ ವೈರ್ ಅದರ ಹಿಂದಿನಿಂದ ಹೋಗಲಿ, ಮುಂದಿನಿಂದ ಬೇಡ. ಅರ್ತ್‌ಗೆ ಬಣ್ಣ ಬಳಿಯದ ಬಾಡಿ ಬೋಲ್ಟ್ ಹುಡುಕಿ. ನೆಗೆಟಿವ್ ಟರ್ಮಿನಲ್ ಮೇಲೆ ಬ್ಯಾಟರಿ ಸೆನ್ಸರ್ ಕೂತಿರುವ ಕಾರಾದರೆ ಟರ್ಮಿನಲ್‌ಗೇ ನೇರ ಅರ್ತ್ ಕೊಡಬೇಡಿ, ಆ ಕರೆಂಟ್ ಸೆನ್ಸರ್‌ನ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ಕಾರು ನಿಂತಾಗಲೂ ಕ್ಯಾಮೆರಾ ಓಡುವ ಪಾರ್ಕಿಂಗ್ ಮೋಡ್ ಬೇಕಿದ್ದರೆ ಹಾರ್ಡ್‌ವೈರ್ ಕಿಟ್‌ನಲ್ಲಿ ಕಟ್‌ಆಫ್ ವೋಲ್ಟೇಜ್ (ಬ್ಯಾಟರಿ ಇಷ್ಟಕ್ಕೆ ಇಳಿದರೆ ಕ್ಯಾಮೆರಾ ನಿಲ್ಲಲಿ ಅನ್ನುವ ಮಿತಿ) ಆಯ್ಕೆ ಇರುತ್ತದೆ. 11.8ಕ್ಕೆ ಇಟ್ಟರೆ ಕ್ಯಾಮೆರಾ ಹೆಚ್ಚು ಹೊತ್ತು ಓಡುತ್ತದೆ, ಬೆಳಗ್ಗೆ ಕಾರು ಎದ್ದೀತೆಂಬ ಭರವಸೆ ಇಲ್ಲ. 35 ಆಂಪಿಯರ್-ಅವರ್ ಬ್ಯಾಟರಿಗೆ ನಾನು 12.2ಕ್ಕಿಂತ ಕೆಳಗೆ ಇಡುವುದಿಲ್ಲ.