ಡ್ಯಾಕ್: ಅಂಕೆ ನಾದವಾಗುವ ಜಾಗ

ಹೋದ ಮಳೆಗಾಲದಲ್ಲಿ ತೆಗೆದುಕೊಂಡ ಹೊಸ ಫೋನಿನಲ್ಲಿ ಇಯರ್‌ಫೋನ್ ಚುಚ್ಚುವ ದುಂಡು ತೂತೇ ಇರಲಿಲ್ಲ. ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ ‘ಕನ್ವರ್ಟರ್’ ಕೇಳಿದಾಗ ಬೆರಳುದ್ದದ ಒಂದು ವಯರ್ ಕೊಟ್ಟರು. ಮನೆಗೆ ಬಂದು ತಾಳಮದ್ದಳೆಯ ರೆಕಾರ್ಡಿಂಗ್ ಹಾಕಿದರೆ ಭಾಗವತರ ಪದ ಫೋನಿನ ಸ್ಪೀಕರಿನಲ್ಲೇ ಮೊಳಗಿತು, ಇಯರ್‌ಫೋನಿನಲ್ಲಿ ಸದ್ದೇ ಇಲ್ಲ. ಮರುದಿನ ಹೋಗಿ ಕೇಳಿದೆ. “ಮಾಷ್ಟ್ರೇ, ನಿಮ್ಮ ಫೋನಿಗೆ ಇದು ಆಗುವುದಿಲ್ಲ, ಡ್ಯಾಕ್ ಇದ್ದದ್ದೇ ಆಗಬೇಕು” ಅಂದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ, ಹೊರಗಿನಿಂದ ಒಂದೇ ಥರ. ಒಂದರೊಳಗೆ ಬರೀ ತಂತಿ, ಇನ್ನೊಂದರೊಳಗೆ ಅಕ್ಕಿಕಾಳಿನಷ್ಟು ಸಣ್ಣ ಚಿಪ್. ಆ ಚಿಪ್ಪಿನ ಕೆಲಸಕ್ಕೇ ಡ್ಯಾಕ್ ಎಂದು ಹೆಸರು.

ಡಿಜಿಟಲ್ ಟು ಅನಲಾಗ್ ಕನ್ವರ್ಟರ್ ಎಂಬುದರ ಮೊದಲಕ್ಷರಗಳು ಸೇರಿ ಡ್ಯಾಕ್ ಆಗಿದೆ. ಅಂಕೆಯನ್ನು ಅಲೆಯಾಗಿಸುವ ಸಾಧನ ಎಂದರೆ ಅರ್ಥ ನೇರವಾಗಿ ಸಿಗುತ್ತದೆ.

ಭಾಗವತರು ಜಾಗಟೆ ಬಾರಿಸಿದಾಗ ಗಾಳಿ ಅದುರುತ್ತದೆ. ಮೈಕು ಆ ಅದುರನ್ನು ವಿದ್ಯುತ್ತಿನ ಏರಿಳಿತವಾಗಿ ಮಾಡುತ್ತದೆ. ರೆಕಾರ್ಡ್ ಮಾಡುವ ಯಂತ್ರ ಆ ಏರಿಳಿತವನ್ನು ಅಳೆದು ಅಂಕೆಯಾಗಿ ಬರೆದಿಡುತ್ತದೆ. ಸಿ.ಡಿ.ಯ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 44,100 ಬಾರಿ ಅಳತೆ, ಪ್ರತಿ ಅಳತೆಗೂ 16 ಬಿಟ್, ಅಂದರೆ 65,536 ಮಟ್ಟಗಳಲ್ಲಿ ಒಂದು. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನದ ತನಕ. ಅದನ್ನು ಹಿಡಿದಿಡಲು ಅದರ ಇಮ್ಮಡಿಗಿಂತ ಹೆಚ್ಚು ಸಲ ಅಳೆಯಬೇಕು, ಹಾಗಾಗಿ ಆ ಸಂಖ್ಯೆ. ಡ್ಯಾಕ್ ಇದನ್ನೆಲ್ಲ ಹಿಮ್ಮುಖವಾಗಿ ಮಾಡುತ್ತದೆ: ಅಂಕೆಗಳ ಸಾಲನ್ನು ಓದಿ ಮತ್ತೆ ವಿದ್ಯುತ್ತಿನ ಅಲೆ ಮಾಡಿ ಇಯರ್‌ಫೋನಿಗೆ ಕಳಿಸುತ್ತದೆ. ಅಂಕೆಗಳಿಂದ ಬಂದ ನಾದ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಕೊನೆಯಲ್ಲಿ ಒಂದು ಸೋಸುವ ಹಂತ ಇದೆ, ಅದನ್ನು ದಾಟಿ ಬರುವ ಅಲೆ ನಯವಾಗಿಯೇ ಇರುತ್ತದೆ.

ಹಾಗಾದರೆ ಹಳೆಯ ಫೋನಿನಲ್ಲಿ ಡ್ಯಾಕ್ ಇರಲಿಲ್ಲವೇ? ಇತ್ತು. ಸ್ಪೀಕರ್ ಇರುವ ಪ್ರತಿ ಫೋನಿನಲ್ಲೂ ಇದೆ. ಕೆಲವು ಫೋನುಗಳು ತಮ್ಮ ಡ್ಯಾಕಿನಿಂದ ಬಂದ ಅಲೆಯನ್ನು ಚಾರ್ಜಿಂಗ್ ತೂತಿನಿಂದಲೇ ಹೊರಗೆ ಬಿಡುತ್ತವೆ, ಅವಕ್ಕೆ ಬರೀ ತಂತಿ ಸಾಕು. ನನ್ನದರಂಥವು ಅಂಕೆಯನ್ನು ಮಾತ್ರ ಹೊರಗೆ ಕೊಡುತ್ತವೆ, ಅದನ್ನು ಅಲೆ ಮಾಡುವ ಕೆಲಸ ಹೊರಗಿನ ಡ್ಯಾಕಿನದು.

ನಾದ ಉತ್ತಮವಾಗುವುದು ಎಲ್ಲಿ? ಫೋನಿನ ಒಳಗೆ ರೇಡಿಯೋ, ಪರದೆ, ಪ್ರೊಸೆಸರ್ ಎಲ್ಲ ಒತ್ತೊತ್ತಾಗಿ ಕೂತಿವೆ. ಒಳಗಿನ ವಿನ್ಯಾಸ ಚೆನ್ನಾಗಿಲ್ಲದಿದ್ದರೆ ಅವುಗಳ ವಿದ್ಯುತ್ ಗಲಾಟೆ ಇಯರ್‌ಫೋನಿನಲ್ಲಿ ಸಣ್ಣ ‘ಸ್ಸ್’ ಎಂದು ಕೇಳುತ್ತದೆ. ಅದನ್ನು ಹಿಡಿಯಲು ನಾನು ಜಾಗಟೆಯನ್ನೇ ನಂಬುತ್ತೇನೆ. ರಾತ್ರಿ ಜಗಲಿಯಲ್ಲಿ ಕೂತು ಒಂದು ಪೆಟ್ಟು ಬಿದ್ದು ಮುಂದಿನ ಮಾತು ಶುರುವಾಗುವ ಮೊದಲಿನ ಎಡೆ ಕೇಳಿ. ಮೊದಲು ಲೋಹದ ಚುರುಕು, ಆಮೇಲೆ ಗುಂಯ್ ಎನ್ನುವ ಬಾಲ, ಅದು ಸಣ್ಣದಾಗುತ್ತಾ ಹೋಗಿ ಕಡೆಗೆ ಬರೀ ಶ್ರುತಿಪೆಟ್ಟಿಗೆ. ಹಳೆಯ ಫೋನಿನ ತೂತಿನಲ್ಲಿ ಆ ಬಾಲ ಅರ್ಧಕ್ಕೇ ಗೊರಗೊರದಲ್ಲಿ ಮುಳುಗುತ್ತಿತ್ತು. ಈಗ ಫೋನಿನ ಹೊರಗೆ ಇರುವ ಡ್ಯಾಕಿನಲ್ಲಿ ಕೊನೆಯ ತನಕ ಕೇಳುತ್ತದೆ. ಮೊದಲ ಸಲ ಕೇಳಿದಾಗ ನನಗೆ ನಿಜಕ್ಕೂ ಮೈ ಜುಂ ಎಂದಿತು. ತೆಂಕುತಿಟ್ಟಿನ ಚೆಂಡೆಯ ಅಬ್ಬರದಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಮೌನದ ಹತ್ತಿರ ಗೊತ್ತಾಗುತ್ತದೆ.

ಇನ್ನೊಂದು ಲಾಭ ಬಲದ್ದು. ಡ್ಯಾಕ್ ಎಂದು ಮಾರುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಸಣ್ಣ ಆಂಪ್ಲಿಫೈಯರ್ ಕೂಡ ಇರುತ್ತದೆ. ಇಯರ್‌ಫೋನು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಓಮ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 16 ಅಥವಾ 32 ಓಮ್‌ನ ಸಾದಾ ಇಯರ್‌ಫೋನಿಗೆ ಫೋನಿನ ಬಲವೇ ಧಾರಾಳ. 250, 300 ಓಮ್‌ನ ದೊಡ್ಡ ಹೆಡ್‌ಫೋನಿಗೆ ಸಾಮಾನ್ಯವಾಗಿ ಅದು ಸಾಲುವುದಿಲ್ಲ, ವಾಲ್ಯೂಮ್ ಪೂರ್ತಿ ಏರಿಸಿದರೂ ದನಿ ಸೊರಗಿರುತ್ತದೆ. ಅಂಥದ್ದು ನಿಮ್ಮಲ್ಲಿದ್ದರೆ ಖರ್ಚಿಗೆ ಅರ್ಥವಿದೆ. ಈ ಡಬ್ಬಿಗಳಲ್ಲಿ ಹೆಚ್ಚಿನವು ಫೋನಿನ ಬ್ಯಾಟರಿಯನ್ನೇ ಕುಡಿಯುತ್ತವೆ ಎಂಬುದೂ ನೆನಪಿರಲಿ.

ಡ್ಯಾಕಿನಿಂದ ಆಗದ್ದು ಏನು ಎಂಬುದನ್ನೂ ಹೇಳಬೇಕು. ವಾಟ್ಸಾಪಿನಲ್ಲಿ ಬಂದ ರೆಕಾರ್ಡಿಂಗನ್ನು ಕುಗ್ಗಿಸುವಾಗ ಬಿಟ್ಟುಹೋದದ್ದು ಯಾವ ಡ್ಯಾಕಿನಿಂದಲೂ ಮರಳಿ ಬಾರದು. ಹಾಗೆ ಕುಗ್ಗಿಸಿದ ಎಂಪಿ3 ಕಡತವನ್ನು ಆಮೇಲೆ ಫ್ಲಾಕ್ (ನಾದದಲ್ಲಿ ಏನನ್ನೂ ಬಿಡದೆ ಕುಗ್ಗಿಸುವ ಕಡತದ ಬಗೆ) ಮಾಡಿದರೂ ಅಷ್ಟೇ. ಬ್ಲೂಟೂತ್ ಹೆಡ್‌ಸೆಟ್ಟಿಗೂ ಇದು ಬೇಡ, ಅದರ ಡ್ಯಾಕ್ ಅದರೊಳಗೇ ಇದೆ. ಕೈಯಲ್ಲಿರುವ ದುಡ್ಡು ಒಂದಕ್ಕೇ ಆಗುವುದಾದರೆ ನಾನು ಒಳ್ಳೆಯ ಇಯರ್‌ಫೋನಿಗೇ ಹಾಕೆನ್ನುತ್ತೇನೆ, ಕಿವಿಗೆ ದೊಡ್ಡ ವ್ಯತ್ಯಾಸ ಅಲ್ಲಿಯೇ.

ಕೊಳ್ಳಲು ಹೋಗುವಾಗ ಫೋನನ್ನೂ ಇಯರ್‌ಫೋನನ್ನೂ ಜೊತೆಗೆ ಒಯ್ಯಿರಿ. ಐಫೋನ್ ಆದರೆ 2023ರ ಐಫೋನ್ 15ರಿಂದ ಈಚೆಗೆ ಟೈಪ್ ಸಿ ತೂತು ಇದೆ, ಅದಕ್ಕಿಂತ ಹಿಂದಿನದಕ್ಕೆ ಆಪಲ್‌ನ ಹಳೆಯ ಲೈಟ್ನಿಂಗ್ ಮೂತಿಯದ್ದು ಬೇಕು. ಅಂಗಡಿಯಲ್ಲೇ ಚುಚ್ಚಿ, ಜಾಗಟೆ ಇರುವ ಒಂದು ಪದ ಹಾಕಿ, ಪೆಟ್ಟು ಬಿದ್ದ ಮೇಲೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕಾಯಿರಿ.