ಸೋಂಕು ತಗುಲಿದ ಹಡಗಿನಿಂದ ಜನರನ್ನು ಕೂಡಲೇ ಇಳಿಸುವುದಿಲ್ಲವೇಕೆ?

ಪ್ರಶ್ನೆ: ವಿಹಾರ ಹಡಗಿನಲ್ಲಿ ವೈರಸ್ ಸೋಂಕು ಕಾಣಿಸಿಕೊಂಡಾಗ ಪ್ರಯಾಣಿಕರನ್ನು ದಡಕ್ಕಿಳಿಸಿ ಆಸ್ಪತ್ರೆಗೋ ಹೋಟೆಲಿಗೋ ಕಳುಹಿಸುವ ಬದಲು ಹಡಗಿನಲ್ಲೇ ಕೂಡಿಹಾಕುತ್ತಾರೆ. ಹಾಗೆ ಮಾಡಿದರೆ ಆರೋಗ್ಯವಾಗಿದ್ದವರಿಗೂ ರೋಗ ಅಂಟುವುದಿಲ್ಲವೇ?

ಉತ್ತರ: ಅಂಟುತ್ತದೆ. ಅದು ಗೊತ್ತಿದ್ದೂ ಕೂಡಿಹಾಕುತ್ತಾರೆ. ಇದಕ್ಕೆ ವೈದ್ಯಶಾಸ್ತ್ರದ ಕಾರಣಕ್ಕಿಂತ ಜಾಗದ ಕಾರಣ ದೊಡ್ಡದು. ಮೂರೂವರೆ ಸಾವಿರ ಜನರನ್ನು ಬೇರೆ ಬೇರೆಯಾಗಿ ಇರಿಸುವಷ್ಟು ಕೊಠಡಿಗಳು, ಅಷ್ಟೂ ಜನರನ್ನು ಪರೀಕ್ಷಿಸುವ ಪ್ರಯೋಗಾಲಯಗಳು, ಸಾಗಿಸುವ ವಾಹನಗಳು ಯಾವ ಬಂದರು ನಗರದಲ್ಲೂ ರಾತ್ರೋರಾತ್ರಿ ಸಿದ್ಧವಾಗುವುದಿಲ್ಲ. ಹಡಗಿನಲ್ಲಿ ಮಾತ್ರ ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವೂ ಆಗಲೇ ಇವೆ. ಸುತ್ತ ನೀರೂ ಇದೆ. ಆಡಳಿತದಲ್ಲಿ ಕೂತವರ ಕಣ್ಣಿಗೆ ಅದು ತಾನಾಗಿ ಒದಗಿದ ಪ್ರತ್ಯೇಕವಾಸದ ಕಟ್ಟಡದಂತೆ ಕಾಣುತ್ತದೆ. ಆದರೆ ಕಟ್ಟಡದೊಳಗೆ ಊಟ ಬಡಿಸುವವರು ಯಾರು, ಅವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದನ್ನು ಕೇಳುವುದನ್ನು ಮರೆಯುತ್ತಾರೆ. ಇಡೀ ವಿಷಯದ ಗಂಟು ಇರುವುದು ಅಲ್ಲಿ.

ಇದಕ್ಕೆ ಚೆನ್ನಾಗಿ ದಾಖಲಾಗಿರುವ ಉದಾಹರಣೆ 2020ರ ಡೈಮಂಡ್ ಪ್ರಿನ್ಸೆಸ್. ಆ ಹಡಗು ಜನವರಿ 20ರಂದು ಜಪಾನಿನ ಯೊಕೊಹಾಮಾದಿಂದ ಹೊರಟು ಕಾಗೊಶಿಮಾ, ಹಾಂಗ್‌ಕಾಂಗ್, ವಿಯೆಟ್ನಾಂ, ತೈವಾನ್, ಓಕಿನಾವಾ ಸುತ್ತಿ ಮರಳಬೇಕಿತ್ತು. ಹಾಂಗ್‌ಕಾಂಗ್‌ನಲ್ಲಿ 25ರಂದು ಇಳಿದುಹೋದ ಒಬ್ಬ ಪ್ರಯಾಣಿಕರಿಗೆ ಕೋವಿಡ್ ಇದೆಯೆಂದು ಫೆಬ್ರುವರಿ 1ರಂದು ಖಚಿತವಾಯಿತು. ಹಡಗು 3ರ ಸಂಜೆ ಯೊಕೊಹಾಮಾಕ್ಕೆ ಬಂತು. ಜಪಾನಿನ ಅಧಿಕಾರಿಗಳು ಹಡಗು ಹತ್ತಿ ಎಲ್ಲರ ಜ್ವರ ನೋಡಿದರು, ಕೆಲವರ ಮಾದರಿ ತೆಗೆದುಕೊಂಡರು. ಮೊದಲು ಬಂದ 31 ಫಲಿತಾಂಶಗಳಲ್ಲಿ 10 ಪಾಸಿಟಿವ್. ಫೆಬ್ರುವರಿ 5ರ ಬೆಳಿಗ್ಗೆ ಪ್ರಯಾಣಿಕರೆಲ್ಲರೂ ತಮ್ಮ ತಮ್ಮ ಕ್ಯಾಬಿನ್ನಿನಲ್ಲಿ 14 ದಿನ ಇರಬೇಕೆಂಬ ಆದೇಶ ಹೊರಟಿತು. ಆಗ ಹಡಗಿನಲ್ಲಿದ್ದವರು 3,711 ಮಂದಿ: 2,666 ಪ್ರಯಾಣಿಕರು, 1,045 ಸಿಬ್ಬಂದಿ. ಎಲ್ಲ ಮುಗಿದಾಗ ಸೋಂಕಿತರ ಲೆಕ್ಕ 712ಕ್ಕೆ ನಿಂತಿತು. ಆ ತಿಂಗಳ ಮಧ್ಯದಲ್ಲಿ ಚೀನಾದ ಹೊರಗೆ ಜಗತ್ತಿನಲ್ಲೇ ಅತಿ ದೊಡ್ಡ ಸೋಂಕಿನ ಗುಂಪು ಇದ್ದದ್ದು ಈ ಒಂದು ಹಡಗಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಯಾವ ದೇಶದ ಲೆಕ್ಕಕ್ಕೂ ಸೇರಿಸದೆ, ತನ್ನ ದೈನಂದಿನ ಪಟ್ಟಿಯಲ್ಲಿ ಬೇರೆಯೇ ಒಂದು ಸಾಲು ಕೊಟ್ಟು ಬರೆಯುತ್ತಿತ್ತು.

ಆ ಸಾಲನ್ನು ನೋಡಿ ನಗಬೇಕೆನಿಸಿದರೂ ಅದರಲ್ಲಿ ಕಾನೂನಿನ ತೊಡಕು ಪೂರ್ತಿ ಅಡಗಿದೆ. ಹಡಗು ನೋಂದಣಿಯಾಗಿದ್ದದ್ದು ಬ್ರಿಟನ್ನಿನಲ್ಲಿ, ನಡೆಸುತ್ತಿದ್ದದ್ದು ಅಮೆರಿಕದ ಕಂಪನಿ, ನಿಂತಿದ್ದದ್ದು ಜಪಾನಿನ ನೀರಿನಲ್ಲಿ, ಕ್ಯಾಪ್ಟನ್ ಇಟಲಿಯವರು, ಒಳಗಿದ್ದವರು ಹತ್ತಾರು ದೇಶದವರು. ಹಡಗಿನ ಮೇಲೆ ಧ್ವಜ ಯಾವ ದೇಶದ್ದೋ ಆ ದೇಶದ ಕಾನೂನು ನಡೆಯುತ್ತದೆ ಎನ್ನುವುದು ಸಮುದ್ರದ ಹಳೆಯ ನಿಯಮ. ಆದರೆ ಬಂದರಿಗೆ ಬಂದ ಹಡಗಿನಿಂದ ರೋಗ ದಡಕ್ಕೆ ದಾಟದಂತೆ ನೋಡಿಕೊಳ್ಳುವ ಅಧಿಕಾರ ಬಂದರಿನ ದೇಶದ್ದು. 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಇದಕ್ಕೊಂದು ಚೌಕಟ್ಟು ಕೊಟ್ಟಿದೆ. ಸಾರ್ವಜನಿಕ ಆರೋಗ್ಯದ ಕಾರಣ ಹೇಳಿ ಹಡಗನ್ನು ಬಂದರಿಗೆ ಬರಲೇ ಬಿಡದಿರುವುದು ಸಾಮಾನ್ಯವಾಗಿ ಸಲ್ಲದು. ಆ ಬಂದರಿನಲ್ಲಿ ತಕ್ಕ ಸೌಲಭ್ಯ ಇಲ್ಲದಿದ್ದರೆ ಸೌಲಭ್ಯವಿರುವ ಹತ್ತಿರದ ಬಂದರಿಗೆ ಹೋಗುವಂತೆ ಹೇಳಬಹುದು. ಕ್ವಾರಂಟೈನ್ ಮಾಡಿದ ದೇಶ ಪ್ರಯಾಣಿಕರಿಗೆ ಊಟ, ನೀರು, ಚಿಕಿತ್ಸೆ ಒದಗಿಸಬೇಕು, ಗೌರವದಿಂದ ನಡೆಸಿಕೊಳ್ಳಬೇಕು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇದೆ. ಉಲ್ಲಂಘಿಸಿದವರಿಗೆ ದಂಡ ವಿಧಿಸುವ ಕೈ ಮಾತ್ರ ಯಾವುದೂ ಇಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. 712 ಜನರಿಗೂ ರೋಗ ಅಂಟಿದ್ದು ಕೂಡಿಹಾಕಿದ ಮೇಲೆಯೇ? ಹಾಗೆಂದು ಆಗ ಬಹಳ ಜನ ನಂಬಿದ್ದರು, ಈಗಲೂ ನಂಬುತ್ತಾರೆ. ಜಪಾನಿನ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ರೋಗಲಕ್ಷಣ ಶುರುವಾದ ದಿನಾಂಕಗಳನ್ನು ಹಿಡಿದು ಲೆಕ್ಕ ಹಾಕಿದಾಗ ಬೇರೆ ಚಿತ್ರ ಮೂಡಿತು: ಬಹುಪಾಲು ಸೋಂಕು ಫೆಬ್ರುವರಿ 5ಕ್ಕೆ ಮೊದಲೇ ಹರಡಿತ್ತು. ಜ್ವರ, ಕೆಮ್ಮು ಕಾಣಿಸಿಕೊಳ್ಳಲು ಸರಾಸರಿ ಐದು ದಿನ ಹಿಡಿಯುತ್ತದೆ. ಆಮೇಲೆ ಪರೀಕ್ಷೆ, ಅದರ ಫಲಿತಾಂಶ. ಹಾಗಾಗಿ ದಿನದಿನವೂ ಏರುತ್ತಿದ್ದ ಸಂಖ್ಯೆ ಹಿಂದಿನ ವಾರದ ಊಟದ ಸಾಲು, ನೃತ್ಯದ ಹಾಲ್‌ಗಳ ಫಲ. ಹಾಂಗ್‌ಕಾಂಗ್‌ನಿಂದ ಸುದ್ದಿ ಬಂದ ಮೇಲೂ, ಆದೇಶ ಹೊರಡುವವರೆಗೂ, ಬಫೆ ಊಟ ಮತ್ತು ಮನರಂಜನೆ ನಡೆದೇ ಇದ್ದವು. ನನ್ನ ದೃಷ್ಟಿಯಲ್ಲಿ ಕ್ವಾರಂಟೈನ್‌ಗಿಂತ ದುಬಾರಿಯಾದದ್ದು ಕಳೆದುಹೋದ ಆ ದಿನಗಳು.

ಹಾಗಾದರೆ ಕ್ಯಾಬಿನ್ ಬಂದೋಬಸ್ತು ಕೆಲಸ ಮಾಡಿತೇ? ಪ್ರಯಾಣಿಕರ ಮಟ್ಟಿಗೆ ಸುಮಾರಾಗಿ ಮಾಡಿತು. ಇಬ್ಬರು ಮೂವರು ಹಂಚಿಕೊಂಡ ಕ್ಯಾಬಿನ್‌ಗಳಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದನ್ನು ತಡೆಯಲಾಗಲಿಲ್ಲ. ಜೊತೆಗಿದ್ದವರಿಗೆ ಪಾಸಿಟಿವ್ ಬಂದರೆ ಉಳಿದವರ 14 ದಿನಗಳ ಎಣಿಕೆ ಮತ್ತೆ ಒಂದರಿಂದ ಶುರು. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್‌ಗಳಲ್ಲಿದ್ದವರನ್ನು ಸರದಿಯಂತೆ ಸ್ವಲ್ಪ ಹೊತ್ತು ಡೆಕ್ಕಿಗೆ ಬಿಡುತ್ತಿದ್ದರು. ಜನ ಒಬ್ಬರಿಗೊಬ್ಬರು ದೂರ ನಿಂತು ಆಕಾಶ ನೋಡಿ ಒಳಗೆ ಹೋಗುತ್ತಿದ್ದರು. ಜಪಾನ್ ಸರ್ಕಾರ ಸುಮಾರು 2,000 ಐಫೋನ್‌ಗಳನ್ನು ಹಂಚಿತು, ವೈದ್ಯರೊಂದಿಗೆ ಮಾತನಾಡಲು, ಔಷಧಿ ಕೇಳಲು. ಪ್ರಯಾಣಿಕರಲ್ಲಿ ವಯಸ್ಸಾದವರೇ ಹೆಚ್ಚು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಎರಡು ವಾರದ ಪ್ರವಾಸಕ್ಕೆಂದು ತಂದವು, ಮುಗಿಯುತ್ತ ಬಂದಿದ್ದವು.

ಸಿಬ್ಬಂದಿಯ ಕಥೆ ಬೇರೆ. ಕ್ಯಾಬಿನ್ ಬಾಗಿಲಿಗೆ ಮೂರು ಹೊತ್ತು ಊಟ ಬರಬೇಕಲ್ಲ, ತಟ್ಟೆ ವಾಪಸು ಹೋಗಬೇಕಲ್ಲ. ಆ ಸಾವಿರ ಜನ ದಿನವಿಡೀ ಕೆಲಸ ಮಾಡಿದರು, ಒಂದೇ ಮೆಸ್ಸಿನಲ್ಲಿ ಉಂಡರು, ಕೆಳಗಿನ ಡೆಕ್ಕಿನ ಇಕ್ಕಟ್ಟಾದ ಕೋಣೆಗಳಲ್ಲಿ ಜೊತೆಜೊತೆಗೆ ಮಲಗಿದರು, ಸ್ನಾನದ ಮನೆ ಹಂಚಿಕೊಂಡರು. ಜಪಾನಿನ ತನಿಖಾ ತಂಡ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯನ್ನು ನೋಡಿ: ಸಿಬ್ಬಂದಿಯ ಪೈಕಿ ಫೆಬ್ರುವರಿ 4ರಿಂದ 12ರವರೆಗೆ ಖಚಿತವಾದ ಮೊದಲ 20 ಪ್ರಕರಣಗಳಲ್ಲಿ 15 ಮಂದಿ ಊಟದ ವಿಭಾಗದವರು, 16 ಮಂದಿಯ ಕೋಣೆಗಳು ಒಂದೇ ಡೆಕ್ಕಿನಲ್ಲಿ, ಅಂದರೆ ಮೂರನೆಯದರಲ್ಲಿ. ಪ್ರಯಾಣಿಕರ ಕ್ವಾರಂಟೈನ್ ಸಿಬ್ಬಂದಿಯ ಹೆಗಲ ಮೇಲೆ ನಿಂತಿತ್ತು. ಸಿಬ್ಬಂದಿಗೆ ಕ್ವಾರಂಟೈನ್ ಎಂಬುದೇ ಇರಲಿಲ್ಲ. ಪ್ರವಾಸಕ್ಕೆ ದುಡ್ಡು ಕೊಟ್ಟವರನ್ನು ಕಾಪಾಡಲು ಸಂಬಳಕ್ಕೆ ಬಂದವರನ್ನು ಒಡ್ಡಿದಂತಾಯಿತು. ಅದಕ್ಕೆ ಮೃದುವಾದ ಬೇರೆ ಮಾತು ನನಗೆ ಹೊಳೆಯುತ್ತಿಲ್ಲ.

ಕೋಬೆ ವಿಶ್ವವಿದ್ಯಾಲಯದ ಸಾಂಕ್ರಾಮಿಕ ರೋಗ ತಜ್ಞ ಕೆಂಟಾರೊ ಇವಾಟಾ ಹಡಗಿನೊಳಗೆ ಹೋಗಿ ಬಂದು ಫೆಬ್ರುವರಿ 18ರಂದು ಒಂದು ವಿಡಿಯೊ ಹಾಕಿದರು. ಸೋಂಕಿನ ಪ್ರದೇಶ, ಸುರಕ್ಷಿತ ಪ್ರದೇಶ ಎಂಬ ಗಡಿಯೇ ಅಲ್ಲಿಲ್ಲ, ಎಬೋಲಾ ಇದ್ದ ಆಫ್ರಿಕಾದಲ್ಲಿ, ಸಾರ್ಸ್ ಇದ್ದ ಚೀನಾದಲ್ಲಿ ಆಗದಷ್ಟು ಭಯ ಇಲ್ಲಿ ಆಯಿತು ಎಂಬುದು ಅವರ ಮಾತಿನ ಸಾರ. ಸರ್ಕಾರ ಒಪ್ಪಲಿಲ್ಲ, ಅವರೂ ಎರಡು ದಿನದಲ್ಲಿ ವಿಡಿಯೊ ತೆಗೆದರು. ಆದರೆ ಒಳಗೆ ಕೆಲಸಕ್ಕೆ ಹೋದ ಕ್ವಾರಂಟೈನ್ ಅಧಿಕಾರಿಯೊಬ್ಬರಿಗೆ ಸೋಂಕು ತಗುಲಿದ್ದು ಅಷ್ಟರಲ್ಲಾಗಲೇ ಸುದ್ದಿಯಾಗಿತ್ತು.

"ಮೊದಲ ದಿನವೇ ಇಳಿಸಿಬಿಟ್ಟಿದ್ದರೆ?" ಎಂಬ ಲೆಕ್ಕವನ್ನೂ ಹಾಕಿದವರಿದ್ದಾರೆ. ಸ್ವೀಡನ್ನಿನ ಸಂಶೋಧಕರು 2020ರಲ್ಲೇ ಪ್ರಕಟಿಸಿದ ಗಣಿತದ ಮಾದರಿಯ ಪ್ರಕಾರ ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ 2,900ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲುತ್ತಿತ್ತು. ಫೆಬ್ರುವರಿ 3ರಂದೇ ಎಲ್ಲರನ್ನೂ ಇಳಿಸಿದ್ದರೆ 76 ಪ್ರಕರಣಗಳಿಗೆ ನಿಲ್ಲುತ್ತಿತ್ತು. ಮಾದರಿ ಎಂದರೆ ಮಾದರಿ. ಇಳಿದವರೆಲ್ಲ ಒಬ್ಬೊಬ್ಬರಾಗಿ ಬೇರೆ ಇದ್ದರೆ ಎಂಬ ಊಹೆ ಅದರೊಳಗಿದೆ. ಆದರೂ ದಿಕ್ಕು ಸ್ಪಷ್ಟ: ಏನೂ ಮಾಡದಿರುವುದಕ್ಕಿಂತ ಕೂಡಿಹಾಕುವುದು ಮೇಲು, ಕೂಡಿಹಾಕುವುದಕ್ಕಿಂತ ಬೇಗ ಇಳಿಸಿ ಹಂಚಿ ಇರಿಸುವುದು ಬಹಳ ಮೇಲು.

ಇಳಿಸುವುದೊಂದೇ ಸಾಲದು ಎಂಬುದಕ್ಕೆ ಸಿಡ್ನಿಯ ರೂಬಿ ಪ್ರಿನ್ಸೆಸ್ ಸಾಕ್ಷಿ. 2020ರ ಮಾರ್ಚ್ 19ರಂದು ಆ ಹಡಗಿನಿಂದ ಸುಮಾರು 2,650 ಪ್ರಯಾಣಿಕರನ್ನು, ಅಸ್ವಸ್ಥರಿಂದ ತೆಗೆದ ಮಾದರಿಗಳ ಫಲಿತಾಂಶಕ್ಕೂ ಕಾಯದೆ, ಮನೆಗೆ ಬಿಟ್ಟರು. ಅವರು ಟ್ಯಾಕ್ಸಿ, ವಿಮಾನ ಹಿಡಿದು ದೇಶದ ಮೂಲೆಮೂಲೆಗೆ ಹೋದರು. 660ಕ್ಕೂ ಹೆಚ್ಚು ಪ್ರಕರಣಗಳು, 28 ಸಾವುಗಳು ಆ ಹಡಗಿನ ಲೆಕ್ಕಕ್ಕೆ ಬಂದವು. ನ್ಯೂ ಸೌತ್ ವೇಲ್ಸ್ ರಾಜ್ಯದ ವಿಶೇಷ ಆಯೋಗ ಆರೋಗ್ಯ ಇಲಾಖೆಯ ತಪ್ಪುಗಳನ್ನು ಕ್ಷಮಿಸಲಾಗದವು ಎಂದಿತು.

ಬಾಗಿಲು ತೆಗೆಯಲು ಒಪ್ಪದವರ ಪಾಡು ಇನ್ನೊಂದು. ವೆಸ್ಟರ್‌ಡ್ಯಾಮ್ ಎಂಬ ಹಡಗನ್ನು ಫೆಬ್ರುವರಿಯಲ್ಲಿ ಫಿಲಿಪ್ಪೀನ್ಸ್, ತೈವಾನ್, ಜಪಾನ್, ಗುವಾಮ್, ಥಾಯ್ಲೆಂಡ್ ಒಂದಾದ ಮೇಲೊಂದು ತಿರುಗಿಸಿ ಕಳುಹಿಸಿದವು. ಕೊನೆಗೆ ಒಳಗೆ ಬಿಟ್ಟದ್ದು ಬಡ ಕಾಂಬೋಡಿಯಾ. ಆ ಹಡಗಿನಲ್ಲಿ ಸೋಂಕೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಹಾಂಗ್‌ಕಾಂಗ್‌ನಲ್ಲಿ ವರ್ಲ್ಡ್ ಡ್ರೀಮ್ ಹಡಗಿನ ಸುಮಾರು 1,800 ಸಿಬ್ಬಂದಿಯನ್ನು ಪರೀಕ್ಷಿಸಿ, ಯಾರಿಗೂ ಸೋಂಕಿಲ್ಲವೆಂದು ಕಂಡುಕೊಂಡು ನಾಲ್ಕೇ ದಿನದಲ್ಲಿ ಎಲ್ಲರನ್ನೂ ಬಿಟ್ಟರು. ಮೊದಲು ಸಿಬ್ಬಂದಿಯನ್ನು ಪರೀಕ್ಷಿಸಿದ ಆ ಜಾಣತನ ಗಮನಿಸಬೇಕಾದದ್ದು: ಪ್ರವಾಸದಿಂದ ಪ್ರವಾಸಕ್ಕೆ ಸೋಂಕನ್ನು ದಾಟಿಸುವುದು ಬಂದುಹೋಗುವ ಪ್ರಯಾಣಿಕರಲ್ಲ, ಹಡಗಿನಲ್ಲೇ ಉಳಿಯುವವರು. ಕ್ಯಾಲಿಫೋರ್ನಿಯಾ ತೀರದ ಗ್ರ್ಯಾಂಡ್ ಪ್ರಿನ್ಸೆಸ್‌ನಲ್ಲಿ ಮಾರ್ಚಿನಲ್ಲಿ ಮೊದಲು ಪಾಸಿಟಿವ್ ಬಂದ 21 ಮಂದಿಯಲ್ಲಿ 19 ಜನ ಸಿಬ್ಬಂದಿ. ಸೋಂಕಿತರ ಸಂಖ್ಯೆ ದೇಶದ ಲೆಕ್ಕಕ್ಕೆ ಸೇರದಂತೆ ಜನ ಹಡಗಿನಲ್ಲೇ ಇದ್ದರೆ ತನಗಿಷ್ಟ ಎಂದು ಆಗಿನ ಅಧ್ಯಕ್ಷ ಟ್ರಂಪ್ ಬಹಿರಂಗವಾಗಿಯೇ ಹೇಳಿದರು. ಆದರೂ ಅಧಿಕಾರಿಗಳು ಪ್ರಯಾಣಿಕರನ್ನು ಓಕ್ಲೆಂಡಿನಲ್ಲಿ ಇಳಿಸಿ ಸೇನಾ ನೆಲೆಗಳಲ್ಲಿ ಇರಿಸಿದರು. ಸಿಬ್ಬಂದಿಯ ಬಹುಪಾಲು ಜನರನ್ನು ಮಾತ್ರ ಹಡಗಿನಲ್ಲೇ ಉಳಿಸಿದರು.

ಭಾರತಕ್ಕೆ ಈ ವಿಷಯ ತಾಗುವುದು ಮುಖ್ಯವಾಗಿ ಸಿಬ್ಬಂದಿಯ ಕಡೆಯಿಂದ. ಡೈಮಂಡ್ ಪ್ರಿನ್ಸೆಸ್‌ನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಕೆಲಸಕ್ಕಿದ್ದವರು. ಕಾರವಾರದ ಮನೆಯೊಂದರಲ್ಲೂ ಆ ದಿನಗಳಲ್ಲಿ ಯೊಕೊಹಾಮಾದ ಕರೆಗೆ ಕಾಯುತ್ತಿದ್ದರು. ಕಾರವಾರ, ಉಡುಪಿ, ಮಂಗಳೂರಿನ ಕಡೆಯವರಿಗೆ 'ಹಡಗಿನ ಕೆಲಸ' ಹೊಸದೇನಲ್ಲ. ಫೆಬ್ರುವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ಕರೆತಂದಿತು. ಮಾನೇಸರದ ಸೇನಾ ಶಿಬಿರದಲ್ಲಿ ಅವರಿಗೆ ಮತ್ತೆ 14 ದಿನ. ಅತಿಯಾಯಿತು ಎನಿಸಬಹುದು. ಆದರೆ ಹಡಗಿನಲ್ಲಿ ಕಳೆದ ದಿನಗಳನ್ನು ಸೋಂಕಿನಿಂದ ದೂರವಿದ್ದ ದಿನಗಳೆಂದು ಎಣಿಸಲು ಆಧಾರವಿರಲಿಲ್ಲ. ಜಪಾನಿನಲ್ಲಿ ನೆಗೆಟಿವ್ ಎಂದು ಮನೆಗೆ ಕಳುಹಿಸಿದವರಲ್ಲಿಯೇ ಕೆಲವರಿಗೆ ಬಳಿಕ ಪಾಸಿಟಿವ್ ಬಂದಿತ್ತು.

ನಮ್ಮ ಬಂದರುಗಳು ಹೆಚ್ಚು ಧೈರ್ಯ ತೋರಿದವು ಎನ್ನುವಂತಿಲ್ಲ. 2020ರ ಮಾರ್ಚ್ ಮೊದಲ ವಾರದ ಕೊನೆಯಲ್ಲಿ ನವಮಂಗಳೂರು ಬಂದರಿಗೆ ಬಂದ ಎಂಎಸ್‌ಸಿ ಲಿರಿಕಾ ಹಡಗಿಗೆ ಪ್ರವೇಶ ಸಿಗಲಿಲ್ಲ. 2022ರ ಜನವರಿಯಲ್ಲಿ ಮುಂಬೈಯಿಂದ ಗೋವಾಕ್ಕೆ ಹೋದ ಕಾರ್ಡೆಲಿಯಾ ಹಡಗಿನ ಸುಮಾರು 2,000 ಜನರಲ್ಲಿ ಮೊದಲ ಸುತ್ತಿನಲ್ಲೇ 66 ಮಂದಿಗೆ ಪಾಸಿಟಿವ್ ಬಂದಾಗ ಕೊನೆಗೆ ಅದು ಬಹುಪಾಲು ಜನರನ್ನು ಹೊತ್ತು ಮುಂಬೈಗೆ ಮರಳಿತು. ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು, ಲಸಿಕೆ ಬಂದಿತ್ತು. ಇಳಿಸಿದರೆ ಎಲ್ಲಿ ಇರಿಸುವುದು ಎಂಬ ಪ್ರಶ್ನೆ ಹಾಗೆಯೇ ಇತ್ತು.

ಇದೇ ಪ್ರಶ್ನೆಯ ಬೆನ್ನಿಗೆ ಹಲವರು ಕೇಳುವುದು ಖರ್ಚಿನ ಬಗ್ಗೆ. ಸಾರ್ವಜನಿಕ ಆರೋಗ್ಯಕ್ಕಾಗಿ ಪ್ರಯಾಣಿಕರ ಮೇಲೆ ಕ್ವಾರಂಟೈನ್ ಹೇರಿದ ದೇಶ ಅದರ ಶುಲ್ಕವನ್ನು ಅವರಿಂದ ವಸೂಲಿ ಮಾಡಬಾರದು ಎಂದು ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 40ನೇ ವಿಧಿ ಹೇಳುತ್ತದೆ. ಡೈಮಂಡ್ ಪ್ರಿನ್ಸೆಸ್‌ನ ಕಂಪನಿ ಪ್ರವಾಸದ ಹಣವನ್ನು ಪೂರ್ತಿ ಮರಳಿಸಿತು. ಎಲ್ಲ ಕಂಪನಿಗಳೂ ಹಾಗೆಯೇ ಮಾಡುತ್ತವೆಂದು ನಂಬಿ ಕೂರಬೇಡಿ. ವಿಮೆ ಮಾಡಿಸುವಾಗ ಕ್ವಾರಂಟೈನ್‌ನಲ್ಲಿ ಕಳೆಯುವ ದಿನಗಳೂ, ತಪ್ಪಿಹೋದ ವಿಮಾನದ ಟಿಕೆಟ್ಟೂ ಅದರಲ್ಲಿ ಸೇರಿವೆಯೇ ಎಂದು ಷರತ್ತುಗಳನ್ನು ಓದಿ ನೋಡಿ. ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ಪ್ರವಾಸದ ಅವಧಿಗಿಂತ ಮೂರು ವಾರದಷ್ಟು ಹೆಚ್ಚಾಗಿ, ವೈದ್ಯರ ಚೀಟಿಯ ಸಮೇತ ಒಯ್ಯಿರಿ. ಕ್ಯಾಬಿನ್ ಕಾಯ್ದಿರಿಸುವಾಗ ಬಾಲ್ಕನಿ ಇರುವುದಕ್ಕೆ ಹೆಚ್ಚು ಹಣ ಕೇಳುತ್ತಾರೆ. ಕೊಡಲು ಸಾಧ್ಯವಿದ್ದರೆ ಕೊಡಿ.