ಎಫ್‌ಆರ್-4 ಬೋರ್ಡಿಗೆ 4.4 ಎಂಬ ಒಂದೇ ಸಂಖ್ಯೆ ಏಕೆ ಸಾಲದು?

ರೇಡಿಯೋ ಸರ್ಕ್ಯೂಟನ್ನು ಸಿಮ್ಯುಲೇಟರಿನಲ್ಲಿ ಕಟ್ಟುವವರು ಬೋರ್ಡಿನ ವಸ್ತುವನ್ನು ಎಫ್‌ಆರ್-4 ಎಂದು ಆರಿಸಿದರೆ ಸಾಮಾನ್ಯವಾಗಿ ಎರಡು ಸಂಖ್ಯೆಗಳು ಸಿದ್ಧವಾಗಿ ಬರುತ್ತವೆ: ಡೈಎಲೆಕ್ಟ್ರಿಕ್ ಸ್ಥಿರಾಂಕ (ವಸ್ತುವಿನಲ್ಲಿ ಅಲೆ ಎಷ್ಟು ನಿಧಾನವಾಗುತ್ತದೆ ಎಂದು ಹೇಳುವ ಸಂಖ್ಯೆ) 4.4, ಲಾಸ್ ಟ್ಯಾಂಜೆಂಟ್ (ವಸ್ತುವಿನಲ್ಲಿ ಸಂಕೇತದ ಶಕ್ತಿ ಎಷ್ಟು ನಷ್ಟವಾಗುತ್ತದೆ ಎಂಬುದರ ಅಳತೆ) 0.02. ತಯಾರಾಗಿ ಬಂದ ಬೋರ್ಡಿನಲ್ಲಿ ಆ 4.4 ನಿಜಕ್ಕೂ 4.2 ಆಗಿದ್ದರೆ, 2.4 ಗಿಗಾಹರ್ಟ್ಸ್‌ನ ಪ್ಯಾಚ್ ಆಂಟೆನಾದ (ಬೋರ್ಡಿನ ಮೇಲಿನ ಚಪ್ಪಟೆ ತಾಮ್ರದ ಆಂಟೆನಾ) ಆವರ್ತನ ಸುಮಾರು 50 ಮೆಗಾಹರ್ಟ್ಸ್ ಮೇಲಕ್ಕೆ ಜಾರುತ್ತದೆ. ಆ ವೈಫೈ ಬ್ಯಾಂಡಿನ ಒಟ್ಟು ಅಗಲವೇ 83.5 ಮೆಗಾಹರ್ಟ್ಸ್.

ಎಫ್‌ಆರ್-4 ಎಂಬುದು ಅಮೆರಿಕದ ವಿದ್ಯುತ್ ಉಪಕರಣ ತಯಾರಕರ ಸಂಘವಾದ ನೀಮಾ 1968ರಲ್ಲಿ ಕೊಟ್ಟ ದರ್ಜೆಯ ಹೆಸರು. ಗಾಜಿನ ಬಟ್ಟೆಗೆ ಎಪಾಕ್ಸಿ ರಾಳ ಕುಡಿಸಿ ಮಾಡಿದ, ಹೊತ್ತಿಕೊಂಡರೂ ತಾನಾಗಿ ಆರುವ ಹಾಳೆ ಎಂಬುದಷ್ಟೇ ಅದರ ತಿರುಳು. ಡೈಎಲೆಕ್ಟ್ರಿಕ್ ಸ್ಥಿರಾಂಕ ಇಷ್ಟೇ ಇರಬೇಕೆಂಬ ಕಟ್ಟುಪಾಡು ಆ ಹೆಸರಿನಲ್ಲಿಲ್ಲ. ಗಾಜಿನ ಸ್ಥಿರಾಂಕ 6ಕ್ಕಿಂತ ಹೆಚ್ಚು, ರಾಳದ್ದು 3ರ ಆಸುಪಾಸು. 106 ಎಂಬ ಸಂಖ್ಯೆಯ ತೆಳುವಾದ ಗಾಜಿನ ನೇಯ್ಗೆಯಲ್ಲಿ ರಾಳ ಹೆಚ್ಚು, ದಪ್ಪನೆಯ 7628ರಲ್ಲಿ ಗಾಜು ಹೆಚ್ಚು. ಒಂದೇ ಹೆಸರಿನ ಈ ಎರಡು ಹಾಳೆಗಳ ವಿದ್ಯುತ್ ಗುಣ ಬೇರೆ ಬೇರೆ.

ಇದು ದಶಕಗಳ ಕಾಲ ಯಾರನ್ನೂ ಅಷ್ಟಾಗಿ ಕಾಡಲಿಲ್ಲ. 1952ರಲ್ಲಿ ಮೈಕ್ರೋಸ್ಟ್ರಿಪ್ (ಹಾಳೆಯ ಮೇಲೆ ತಾಮ್ರದ ಗೆರೆ, ಅಡಿಯಲ್ಲಿ ತಾಮ್ರದ ಪದರ ಇರುವ ಸಂಕೇತದ ದಾರಿ) ಬಂತು, 1965ರಲ್ಲಿ ವೀಲರ್, 1980ರಲ್ಲಿ ಹ್ಯಾಮರ್‌ಸ್ಟಾಡ್ ಮತ್ತು ಯೆನ್ಸೆನ್ ಅದರ ಸೂತ್ರಗಳನ್ನು ಕೊಟ್ಟರು. ಕಿರಿದಾದ ಬ್ಯಾಂಡಿನ ಕೆಲಸಕ್ಕೆ ಒಂದು ಆವರ್ತನದ ಒಂದು ಮೌಲ್ಯ ಸಾಕಾಗುತ್ತಿತ್ತು.

ತೊಡಕು ಬಂದದ್ದು ಗಿಗಾಬಿಟ್ ವೇಗದ ಡಿಜಿಟಲ್ ಸಂಕೇತಗಳಿಂದ. ಅಂಥ ಒಂದು ಸ್ಪಂದದೊಳಗೆ ಕೆಲವು ಮೆಗಾಹರ್ಟ್ಸ್‌ನಿಂದ ಹತ್ತಾರು ಗಿಗಾಹರ್ಟ್ಸ್‌ವರೆಗಿನ ಆವರ್ತನಗಳಿರುತ್ತವೆ. ಅವೆಲ್ಲಕ್ಕೂ ಸ್ಥಿರಾಂಕ ಮತ್ತು ನಷ್ಟ ಎರಡನ್ನೂ ಬದಲಾಗದಂತೆ ಇಟ್ಟು ಲೆಕ್ಕ ಹಾಕಿದರೆ, ಸಂಕೇತ ತಲುಪಬೇಕಾದ ಕ್ಷಣಕ್ಕೂ ಮೊದಲೇ ಇನ್ನೊಂದು ತುದಿಯಲ್ಲಿ ವೋಲ್ಟೇಜ್ ಏಳುತ್ತದೆ. ಕಾರಣಕ್ಕಿಂತ ಮುಂಚೆ ಪರಿಣಾಮ! ಕ್ರಾಮರ್ಸ್ ಮತ್ತು ಕ್ರೋನಿಗ್ 1920ರ ದಶಕದಲ್ಲೇ ತೋರಿಸಿದ್ದ ನಿಯಮದ ಪ್ರಕಾರ, ವಸ್ತುವಿನಲ್ಲಿ ನಷ್ಟವಿದ್ದರೆ ಅದರ ಸ್ಥಿರಾಂಕ ಆವರ್ತನದೊಂದಿಗೆ ಬದಲಾಗಲೇಬೇಕು. ಸಿದ್ಧಾಂತ ಕೈಯಲ್ಲಿದ್ದೂ ವಿನ್ಯಾಸಕರ ದಿನದ ಕೆಲಸಕ್ಕೆ ಅದು ಇಳಿಯಲು ಇಷ್ಟು ಕಾಲ ಹಿಡಿಯಿತೆಂಬುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

2001ರಲ್ಲಿ ಬೆಲ್‌ಗ್ರೇಡಿನ ಆಂತೋನಿಯೆ ಜೋರ್ಜೆವಿಚ್, ಸಿರಾಕ್ಯೂಸ್ ವಿಶ್ವವಿದ್ಯಾಲಯದ ತಪನ್ ಸರ್ಕಾರ್ ಮತ್ತು ಸಂಗಡಿಗರು ಎಫ್‌ಆರ್-4ನ್ನೇ ಅಳೆದು ಒಂದು ಮಾದರಿಯನ್ನು ಪ್ರಕಟಿಸಿದರು. ಸ್ಥಿರಾಂಕ ಆವರ್ತನದ ಲಾಗರಿದಮ್‌ಗೆ ತಕ್ಕಂತೆ ನಿಧಾನವಾಗಿ ಇಳಿಯುತ್ತದೆ, ನಷ್ಟ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಉಳಿಯುತ್ತದೆ. ಒಂದು ಆವರ್ತನದಲ್ಲಿ ಅಳೆದ ಎರಡು ಮೌಲ್ಯಗಳನ್ನು ಕೊಟ್ಟರೆ ಇಡೀ ವ್ಯಾಪ್ತಿಯ ರೇಖೆಯನ್ನು ಇದು ಎಳೆದುಕೊಡುತ್ತದೆ, ಕಾಲದ ಕ್ರಮವೂ ಕೆಡುವುದಿಲ್ಲ. ಇಂದು ಪ್ರಮುಖ ಸಿಮ್ಯುಲೇಟರುಗಳಲ್ಲಿ ಈ ಆಯ್ಕೆಯಿದೆ. ಅದನ್ನು ಬಳಸದೆ ಡಿಜಿಟಲ್ ಸಂಕೇತದ ಗುಣಮಟ್ಟ ತೋರಿಸುವ ಕಣ್ಣಿನ ನಕ್ಷೆ (ಐ ಡಯಾಗ್ರಾಂ) ತೆಗೆಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ತಾಮ್ರದ ಕಥೆ ಇನ್ನೂ ಹಳೆಯದು. ಹಾಳೆಗೆ ಗಟ್ಟಿಯಾಗಿ ಅಂಟಲೆಂದು ತಾಮ್ರದ ಮೈಯನ್ನು ಬೇಕೆಂದೇ ಒರಟು ಮಾಡುತ್ತಾರೆ. 10 ಗಿಗಾಹರ್ಟ್ಸ್‌ನಲ್ಲಿ ವಿದ್ಯುತ್ ಹರಿಯುವ ಪದರದ ಆಳ ಸುಮಾರು 0.66 ಮೈಕ್ರೋಮೀಟರ್, ಒರಟಿನ ಉಬ್ಬುತಗ್ಗುಗಳು ಅದಕ್ಕಿಂತ ಎಷ್ಟೋ ದೊಡ್ಡವು. ಇದರಿಂದ ನಷ್ಟ ಹೆಚ್ಚುವುದನ್ನು ಮಾರ್ಗನ್ 1949ರಲ್ಲೇ ಲೆಕ್ಕ ಹಾಕಿದ್ದರು. ಅದನ್ನು ಆಧರಿಸಿದ ಹ್ಯಾಮರ್‌ಸ್ಟಾಡ್ ಸೂತ್ರ, ಒರಟು ಎಷ್ಟೇ ಇರಲಿ, ನಷ್ಟವನ್ನು ಎರಡು ಪಟ್ಟಿಗೆ ನಿಲ್ಲಿಸುತ್ತದೆ. ಅಳತೆಗಳು ಆ ಮಿತಿಯನ್ನು ಮೀರಿದಾಗ, ಒರಟನ್ನು ತಾಮ್ರದ ಗುಂಡುಗಳ ರಾಶಿಯಾಗಿ ಎಣಿಸುವ ಪಾಲ್ ಹ್ಯೂರೆ ಅವರ ಮಾದರಿ ಬಳಕೆಗೆ ಬಂತು.

ಒರಟು ಕೇವಲ ನಷ್ಟ ಹೆಚ್ಚಿಸಿ ಸುಮ್ಮನಾಗುವುದಿಲ್ಲ, ಅಲೆಯನ್ನು ನಿಧಾನವೂ ಮಾಡುತ್ತದೆ. ರೋಜರ್ಸ್ ಕಂಪನಿಯ ಆರ್‌ಒ4350ಬಿ ಹಾಳೆಯ ಡೇಟಾಶೀಟಿನಲ್ಲಿ ಎರಡು ಸ್ಥಿರಾಂಕಗಳಿರುವುದಕ್ಕೆ ಇದೂ ಒಂದು ಕಾರಣ. 3.48 ಎಂಬುದು ತಾಮ್ರ ತೆಗೆದ ಹಾಳೆಯನ್ನು 10 ಗಿಗಾಹರ್ಟ್ಸ್‌ನಲ್ಲಿ ಇಕ್ಕಳದಂಥ ಉಪಕರಣದಲ್ಲಿ ಒತ್ತಿಹಿಡಿದು ಅಳೆದದ್ದು, ತಯಾರಿಕೆಯ ಗುಣಮಟ್ಟ ಕಾಯಲು. 3.66 ಎಂಬುದು ತಾಮ್ರದ ಗೆರೆಗಳಿರುವ ನಿಜವಾದ ಮೈಕ್ರೋಸ್ಟ್ರಿಪ್ ಸರ್ಕ್ಯೂಟಿನಿಂದ ಪಡೆದದ್ದು, ವಿನ್ಯಾಸಕ್ಕೆ. ಸಿಮ್ಯುಲೇಟರಿಗೆ 3.66 ಕೊಟ್ಟು ಅದರ ಮೇಲೆ ಹ್ಯೂರೆ ಮಾದರಿಯನ್ನೂ ಹಾಕಿದರೆ, ಕಾರಣಕ್ಕಿಂತ ಮುಂಚೆ ಪರಿಣಾಮ ಬಾರದಂತೆ ಲೆಕ್ಕ ಹಾಕುವ ಸಿಮ್ಯುಲೇಟರ್ ಅದೇ ಒರಟನ್ನು ಎರಡು ಬಾರಿ ಎಣಿಸಬಹುದು.